ಅತ್ತೆಯ ಹಳದಿ

ಬಣ್ಣದ ವಿಷಯದಲ್ಲಿ ನನಗೆ ಸ್ವಲ್ಪ ಜಂಬ ಜಾಸ್ತಿ. ಹೊಳೆನರಸೀಪುರದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂತು ನಾಮಕರಣಕ್ಕೂ ಗೃಹಪ್ರವೇಶಕ್ಕೂ ಬ್ಯಾನರ್ ಮಾಡುವವನು ನಾನು. ‘ಇನ್ನೂ ಒಸಿ ಕೆಂಪುಗ್ ಮಾಡಿ ಸಾ’ ಎಂದು ಯಾರಾದರೂ ಹಿಂದಿನಿಂದ ಬೆರಳು ತೋರಿಸಿದರೆ ಮೈಯೆಲ್ಲ ಉರಿಯುತ್ತದೆ. ಮನೆಗೆ ಬಂದರೆ ಇನ್ನೊಂದು ಹುಚ್ಚು. ಸೋಲ್ಡರಿಂಗ್ ಐರನ್ ಕಾಯಿಸಿಕೊಂಡು, ಪುಟ್ಟ ಬೋರ್ಡುಗಳಿಗೆ ವೈರು ಅಂಟಿಸುತ್ತ, ಸೀಸ ಕರಗಿ ಹೊಳೆಯುವುದನ್ನು ನೋಡುತ್ತ ಕೂತರೆ ಊಟದ ನೆನಪೂ ಆಗುವುದಿಲ್ಲ.

ನಮ್ಮೂರು ರಾಮನಾಥಪುರದ ಪಕ್ಕ. ಮನೆಯ ಹಿಂದೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಇದೆ. ಮಣ್ಣಿನ ಗೋಡೆಯ ಎತ್ತರದ ಕೋಣೆ, ಹೊರಗಡೆ ಸೌದೆ ಒಲೆ, ಗೋಡೆಯಲ್ಲಿ ಅಂಗೈಯಗಲದ ಒಂದು ಗಾಜಿನ ಕಿಟಕಿ. ಹಸಿರು ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಒಳಗೆ ನೇತುಹಾಕಿದರೆ ವಾರದೊಳಗೆ ಅದು ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಮೊದಲು ಹಸಿ ಹುಲ್ಲಿನ ವಾಸನೆ, ಆಮೇಲೆ ಒಣಹುಲ್ಲಿನದು, ಕೊನೆಗೆ ಜೇನಿನ ಹಾಗೆ ಏನೋ ಒಂದು. ಮಧ್ಯಾಹ್ನದ ಹೊತ್ತು ಆ ಗೋಡೆಗೆ ಬೆನ್ನು ಕೊಟ್ಟು ಕೂತರೆ ಎಚ್ಚರವೋ ನಿದ್ದೆಯೋ ತಿಳಿಯದು.

ಆ ಬ್ಯಾರನ್ ಅತ್ತೆಯದು. ಎಂದರೆ, ಅಪ್ಪನ ಅಕ್ಕನದು. ಮದುವೆಯಾದ ಎರಡೇ ವರ್ಷಕ್ಕೆ ತವರಿಗೆ ವಾಪಸು ಬಂದವಳು, ಬಂದ ಮಾರನೆಯ ದಿನವೇ ಹೋಗಿ ಆ ಒಲೆಯ ಮುಂದೆ ಕೂತಳಂತೆ. ಅಲ್ಲಿಂದ ಇವತ್ತಿನವರೆಗೂ ಬೆಂಕಿ ಏರಿಸುವುದು, ಇಳಿಸುವುದು ಅವಳ ಮಾತಿನಂತೆಯೇ. ಸೊಪ್ಪು ಪೂರಾ ಹಳದಿಗೆ ತಿರುಗುವ ಮೊದಲೇ ಬೆಂಕಿ ಏರಿಸಿದರೆ ಹಸಿರು ಹಾಗೇ ನಿಂತುಬಿಡುತ್ತದೆ, ಮತ್ತೆ ಏನು ಮಾಡಿದರೂ ಹೋಗುವುದಿಲ್ಲ. ಆ ಗಳಿಗೆಯನ್ನು ಹಿಡಿಯುವುದೇ ಅವಳ ಹೆಚ್ಚುಗಾರಿಕೆ. ಮನೆಯಲ್ಲಿ ಅವಳಿಗೆ ಇನ್ನಾವ ಅಧಿಕಾರವೂ ಇರಲಿಲ್ಲ, ಬೇಕೂ ಆಗಿರಲಿಲ್ಲ.

ಈಚೆಗೆ ಅವಳಿಗೆ ಮಂಡಿನೋವು. ಜಗಲಿಯಿಂದ ಬ್ಯಾರನ್ನಿಗೆ ಹತ್ತು ಸಲ ನಡೆಯಬೇಕಲ್ಲ ಎಂದು ನನಗೆ ಕನಿಕರ. ಹಾಸನದಿಂದ ಶಾಖ ಅಳೆಯುವ ಸೆನ್ಸರ್ ತಂದು, ಬ್ಯಾರನ್ನಿನೊಳಗೆ ಕಟ್ಟಿ, ಉದ್ದಕ್ಕೆ ವೈರು ಎಳೆದು, ಜಗಲಿಯಲ್ಲಿ ಕೆಂಪು ಅಂಕಿಗಳ ಡಿಸ್ಪ್ಲೇ ಇಟ್ಟೆ. ಅತ್ತೆ ಓದಿದಳು: ಮೂವತ್ತೆಂಟು. ‘ಅಯ್ಯೋ, ಬೆಂಕಿ ಆರೋಯ್ತಲ್ಲೋ!’ ಎಂದು ಸೆರಗು ಸಿಕ್ಕಿಸಿಕೊಂಡು ಓಡಿದಳು. ಹೊಗೆಸೊಪ್ಪಿನ ಸೀಮೆಯಲ್ಲಿ ಎಲ್ಲರೂ ಫ್ಯಾರನ್‌ಹೀಟ್‌ನಲ್ಲೇ ಮಾತಾಡುವುದು. ನೂರು ಇರಬೇಕಾದಲ್ಲಿ ನಾನು ಸೆಂಟಿಗ್ರೇಡ್ ತೋರಿಸಿದ್ದೆ. ಮಂಡಿ ಉಳಿಸಲು ಮಾಡಿದ ಯಂತ್ರ ಮಂಡಿಯನ್ನೇ ಓಡಿಸಿತು.

‘ನಂಗೆ ನಂಬ್ರ ಬ್ಯಾಡ ಕಣ್ಲಾ, ಬಣ್ಣ ಹಾಕ್ಕೊಡು’ ಅಂದಳು ಉಸಿರು ಬಿಡುತ್ತ.

ಬಣ್ಣ ಅಂದಮೇಲೆ ನನ್ನನ್ನು ಹಿಡಿಯುವವರುಂಟೆ? ಚನ್ನರಾಯಪಟ್ಟಣದ ಗುಜರಿಯಲ್ಲಿ ಒಂದು ದೊಡ್ಡ ಗೋಡೆ ಗಡಿಯಾರ ಸಿಕ್ಕಿತು. ಅದರ ಹೊಟ್ಟೆ ಖಾಲಿ ಮಾಡಿ, ಬ್ಯಾರನ್ನಿನ ಶಾಖಕ್ಕೆ ತಕ್ಕಂತೆ ಮುಳ್ಳು ತಿರುಗಿಸಲು ಪುಟ್ಟ ಮೋಟಾರು ಕೂರಿಸಿದೆ. ಅಂಕಿಗಳ ಜಾಗದಲ್ಲಿ ಸೊಪ್ಪಿನ ಬಣ್ಣಗಳು: ಹಸಿರು ಹಳದಿಯಾಗುವ ಮೊದಲ ಭಾಗ, ಎಲೆ ಒಣಗುವ ಎರಡನೆಯದು, ದಂಟು ಒಣಗುವ ಮೂರನೆಯದು. ದಿನಗಟ್ಟಲೆ ಸೊಪ್ಪಿನ ಫೋಟೋ ತೆಗೆದೆ. ಬಸ್ಸಿನಲ್ಲಿ ಕೂತರೂ ಕಿಟಕಿಯಾಚೆಯ ಗದ್ದೆಗಳು ಹಸಿರಿನಿಂದ ಹಳದಿಗೆ ಜಾರುತ್ತಿದ್ದವು, ಹೊಳೆನರಸೀಪುರ ಬಂದು ಹೋದದ್ದೂ ಗೊತ್ತಾಗುತ್ತಿರಲಿಲ್ಲ. ಒಂದು ದಿನ ಹಾಗೇ ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದುಕೊಂಡು ಬಂದೆ.

ಸರಿಯಾದ ಹಳದಿ ಯಾವುದೆಂದು ಕೇಳಲು ಹಸಿರಿನಿಂದ ಹಳದಿಯವರೆಗೆ ಹನ್ನೆರಡು ಪಟ್ಟಿಗಳ ಒಂದು ಕಾರ್ಡ್ ಪ್ರಿಂಟ್ ಮಾಡಿ ತಂದೆ. ‘ಬೆಂಕಿ ಏರಿಸೋ ಹೊತ್ತಿಗೆ ಸೊಪ್ಪು ಯಾವ ಬಣ್ಣ ಇರಬೇಕು, ತೋರಿಸು’ ಅಂದೆ. ಅತ್ತೆ ಅನುಮಾನವೇ ಇಲ್ಲದೆ ಆರನೆಯದರ ಮೇಲೆ ಬೆರಳಿಟ್ಟಳು. ಅಪ್ಪ ಒಂಬತ್ತನೆಯದು ಅಂದ. ಅಮ್ಮನೂ ಒಂಬತ್ತನೆಯದೇ. ಸೊಪ್ಪು ಕಟ್ಟಲು ಬಂದಿದ್ದ ಹೆಂಗಸರೂ ಒಂಬತ್ತನೆಯದೇ. ಅಂಗಡಿಯ ಪ್ರಿಂಟರನ್ನು ಬೈದುಕೊಂಡು ಮತ್ತೆ ಎರಡು ಸಲ ಪ್ರಿಂಟ್ ಮಾಡಿದೆ. ಅತ್ತೆಯ ಬೆರಳು ಆರರಿಂದ ಅಲ್ಲಾಡಲಿಲ್ಲ.

ಆಗ ನೆನಪಾಯಿತು. ಹೋದ ತಿಂಗಳು ‘ನನ್ ಹಸ್ರು ಸೀರೆ ತತ್ತಾ’ ಎಂದು ನೀಲಿ ಸೀರೆ ತೋರಿಸಿದ್ದಳು. ಹೋದ ಸಲದ ಸೊಪ್ಪಿನಲ್ಲಿ ಹಸಿರು ನಿಂತಿತ್ತು. ಅದರ ಹಿಂದಿನದರಲ್ಲೂ ಅಷ್ಟೇ. ಅಪ್ಪ ಅಮ್ಮನ ಹತ್ತಿರ ಮೆಲ್ಲಗೆ ಹೇಳಿದ್ದ: ‘ಅಕ್ಕಂಗೆ ವಯಸ್ಸಾಯ್ತು. ಇದೊಂದ್ ಸಲ ನೋಡ್ತೀನಿ, ಇದೂ ಅಂಗೇ ಆದ್ರೆ ಕಾಯಾಕೆ ಬ್ಯಾರೆ ಆಳ್ ಇಡದೇ ಸೈ.’ ಆಳು ಬಂದರೆ ಅತ್ತೆ ಜಗಲಿಯ ಮೇಲೆ ಸುಮ್ಮನೆ ಕೂತಿರಬೇಕಾಗುತ್ತದೆ.

ತಪ್ಪು ಪ್ರಿಂಟರಿನದಲ್ಲ, ನಿನ್ನ ಕಣ್ಣಿನದು ಎಂದು ಅವಳಿಗೆ ಹೇಳುವುದು ಹೇಗೆ? ಅವಳ ಕಣ್ಣಿನ ಬಗ್ಗೆ ಊರಿಗೇ ಬೆರಗು. ಈ ವಯಸ್ಸಿನಲ್ಲಿ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಾಳೆ. ನಾನು ಬಾಯಿ ತೆರೆದ ತಕ್ಷಣ ಅವಳು ಮಾಡಿದ್ದೂ ಅದನ್ನೇ. ಸೂಜಿ ತಂದು, ಒಂದೇ ಸಲಕ್ಕೆ ದಾರ ತೂರಿಸಿ, ನನ್ನ ಮೂಗಿನ ಮುಂದೆ ಹಿಡಿದಳು. ‘ಕಣ್ ಕಾಣ್ದೋಳು ಇಂಗ್ ಪೋಣಿಸ್ತಾಳಾ? ನೀನೂ ನಿಮ್ಮಪ್ಪನ್ ಕಡೀಗ್ ಸೇರ್ಕಂಡ್ಯಾ?’

ನನ್ನ ಡಬ್ಬಿಯಿಂದ ಎರಡು ಪುಟ್ಟ ಎಲ್‌ಇಡಿ ತೆಗೆದೆ, ಒಂದು ಹಳದಿ, ಒಂದು ನೀಲಿ. ಎರಡನ್ನೂ ಜಗಲಿಯ ನೆರಳಿನಲ್ಲಿ ಹೊತ್ತಿಸಿದೆ.

‘ಇದ್ ಚೆನ್ನಾಗ್ ಉರೀತದೆ’ ಅಂದಳು ಹಳದಿಯನ್ನು ನೋಡಿ. ‘ಇದ್ರದು ಸೆಲ್ ಮುಗ್ದೋಯ್ತೇನೋ, ಮಂಕಾಗಿ ಅದೆ’ ಅಂದಳು ನೀಲಿಯನ್ನು ನೋಡಿ.

‘ಎರಡಕ್ಕೂ ಸೆಲ್ಲು ಹೊಸದು ಅತ್ತೆ. ನಮಗೆ ಕಣ್ಣು ಕುಕ್ಕುವಷ್ಟು ನೀಲಿ ಕಾಣ್ತಿದೆ.’

ಅವಳು ಅಮ್ಮನ ಮುಖ ನೋಡಿದಳು. ಅಮ್ಮ ತಲೆ ತಗ್ಗಿಸಿದಳು. ಅತ್ತೆ ಕೇಳಿದಳು: ‘ಅಂಗಾರೆ ಇಷ್ಟ್ ದಿನ ನಾನ್ ಕಂಡಿದ್ದು ಹಳ್ದಿ ಅಲ್ವೇನ್ಲಾ?’ ನನಗೆ ಅಳು ಬಂತು. ವೈರು ಸುತ್ತುತ್ತ ಕೂತೆ. ಮಾರನೆಯ ದಿನ ಬೆಳಿಗ್ಗೆ ನೀಲಿ ಸೀರೆ ಉಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ‘ನಡಿ, ಆಸ್ಪತ್ರೆಗೆ.’

ಹಾಸನದ ಡಾಕ್ಟರು ಪೊರೆ ಬಂದಿದೆ ಅಂದರು. ಪೊರೆ ಹಳದಿಗಟ್ಟಿದಾಗ ಲೋಕಕ್ಕೂ ಆ ಬಣ್ಣ ಹತ್ತುತ್ತದಂತೆ, ಕೆಲವರಿಗೆ ಹತ್ತಿರದ್ದು ಮೊದಲಿಗಿಂತ ಚೆನ್ನಾಗಿ ಕಾಣುವುದೂ ಉಂಟಂತೆ. ಮೊದಲು ಬಲಗಣ್ಣಿಗೆ ಆಪರೇಷನ್ ಆಯಿತು. ಒಂದು ತಿಂಗಳು ಹೊಗೆಯ ಹತ್ತಿರ ಸುಳಿಯಕೂಡದು ಎಂದು ಅಪ್ಪಣೆ. ಪಟ್ಟಿ ಬಿಚ್ಚಿ ಬಸ್ಸಿನಲ್ಲಿ ಬರುವಾಗ ಅರಕಲಗೂಡು ದಾಟುವವರೆಗೂ ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ತನ್ನ ಸೆರಗನ್ನು ಕಿಟಕಿಗೆ ಹಿಡಿದು ಅದನ್ನು ಒಂದು ಸಲ, ಆಕಾಶವನ್ನು ಒಂದು ಸಲ ನೋಡುತ್ತಿದ್ದಳು.

ಆ ತಿಂಗಳು ಆಳೇ ಬ್ಯಾರನ್ ಕಾದ. ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ನನ್ನ ಗಡಿಯಾರದ ಮುಳ್ಳನ್ನೇ ಕಾಯುತ್ತಿದ್ದಳು. ತಿಂಗಳು ಕಳೆದು, ಆ ವರ್ಷದ ಕೊನೆಯ ಸೊಪ್ಪು ತುಂಬುವ ದಿನ ಅಪ್ಪ ಅವಳ ಮುಂದೆ ಬಂದು ನಿಂತ. ‘ಆಳಿಗೆ ಬರ್ಬ್ಯಾಡ ಅಂದಿವ್ನಿ ಅಕ್ಕ’ ಅಂದ, ಅಷ್ಟೇ.

ಮೂರನೆಯ ದಿನ ಮಧ್ಯಾಹ್ನ ನಾವು ಮೂವರೂ ಗಾಜಿನ ಕಿಟಕಿಯ ಮುಂದಿದ್ದೆವು. ಅಪ್ಪನ ಕೈಯಲ್ಲಿ ಸೌದೆ ತುಂಡು. ‘ಏರಿಸ್ಲಾ?’ ಅಂದ. ಅತ್ತೆ ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡು ಒಳಗೆ ನೋಡಿದಳು. ಆಮೇಲೆ ಎಡಗಣ್ಣು ಮುಚ್ಚಿಕೊಂಡು ನೋಡಿದಳು. ಮತ್ತೆ ಬಲಗಣ್ಣು, ಮತ್ತೆ ಎಡಗಣ್ಣು. ಆಟ ಸಿಕ್ಕಿದವಳ ಹಾಗೆ ನಗುತ್ತಿದ್ದಳು.

‘ಇನ್ನೂ ಹಸ್ರು ಅದೆ. ನಾಳೆ ಬೆಳಗಾಗ್ಲಿ, ತಡಿ’ ಅಂದಳು. ಅಪ್ಪ ಸೌದೆ ಕೆಳಗಿಟ್ಟ. ಆ ಸಲದ ಸೊಪ್ಪು ನನ್ನ ಕಾರ್ಡಿನ ಒಂಬತ್ತನೆಯ ಪಟ್ಟಿಯ ಪಕ್ಕ ಇಟ್ಟರೆ ಬೇರೆ ಮಾಡಲಾಗದಂತೆ ಬಂತು.

ಎಡಗಣ್ಣಿಗೂ ಮಾಡಿಸಲು ಡಾಕ್ಟರು ಕರೆದಿದ್ದಾರೆ, ಯಾವಾಗ ಹೋಗೋಣ ಅಂದೆ. ಅತ್ತೆ ಬಲಗಣ್ಣು ಮುಚ್ಚಿಕೊಂಡು ತೋಟ, ರಸ್ತೆ, ನನ್ನ ಮುಖ ಎಲ್ಲವನ್ನೂ ಒಂದು ಸುತ್ತು ನೋಡಿದಳು.

‘ಒಸಿ ದಿನ ಇರ್ಲಿ ಬುಡ್ಲಾ. ಈ ಕಣ್ಣಲ್ಲಿ ಎಲ್ಲಾ ಬ್ಯಾಗ ಹಣ್ಣಾಯ್ತದೆ.’