ಶನಿವಾರ ಬೀಗರ ಗೇಟಿನಲ್ಲಿ ನಿಂತ ಕಾರು

ನನ್ನ ಮಗಳು ನಾಗರತ್ನನ ಬಲಗೈಯನ್ನು ಅವಳ ಗಂಡ ತಿರುಚಿ ಮುರಿದ. ಎರಡು ದಿನ ಹಾಗೇ ಮೂಲೆಯಲ್ಲಿ ಕೂರಿಸಿ, ಆಮೇಲೆ ಪಾವಗಡದಲ್ಲಿ ಮಧುಗಿರಿ ಬಸ್ಸು ಹತ್ತಿಸಿದರು. ಮೂರು ವರ್ಷದ ಮಗು ಹರ್ಷನನ್ನು ಮಾತ್ರ ತಮ್ಮಲ್ಲೇ ಇಟ್ಟುಕೊಂಡರು. "ಈ ಶನಿ ನಮ್ಮನೆಗೆ ಬ್ಯಾಡ, ಮಗ ಮಾತ್ರ ನಮ್ದು" ಎಂದು ಅವಳ ಅತ್ತೆ ಬೀದಿಗೆ ಕೇಳುವಂತೆ ಕೂಗಿದಳಂತೆ. ಇಲ್ಲಿ ಮಧುಗಿರಿ ಆಸ್ಪತ್ರೆಯಲ್ಲಿ ಕಟ್ಟು ಹಾಕಿದರು. ತಡವಾಗಿದ್ದರಿಂದ ಮೂಳೆ ಸೊಟ್ಟ ಕೂಡಿತು. ನನ್ನ ಮಗಳು ಇವತ್ತಿಗೂ ಎಡಗೈಯಲ್ಲೇ ಉಣ್ಣುತ್ತಾಳೆ.

ಶನಿಮಹಾತ್ಮನನ್ನು ನಂಬಿದವರೇ, ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮಗು ಕೇಳಲು ನಾನೇ ಪಾವಗಡಕ್ಕೆ ಹೋದೆ. ಒಳಕ್ಕೆ ಕರೆಯಲಿಲ್ಲ, ನೀರೂ ಕೊಡಲಿಲ್ಲ. ಬೀಗಿತ್ತಿ ಕಿಟಕಿಯ ಒಳಗಿನಿಂದಲೇ ಮಾತಾಡಿದಳು. ಅಳಿಯನದು ಫೋಟೊ ಸ್ಟುಡಿಯೊ. ಮದುವೆಯ ಗಂಡು ಹೆಣ್ಣನ್ನು ಹಳೇ ಕಾರಿನ ಮುಂದೆ ನಿಲ್ಲಿಸಿ ಫೋಟೊ ತೆಗೆಯುವುದು ಈಗ ಫ್ಯಾಷನ್ನಂತೆ. ಅವನು ಹಲ್ಲಿನಲ್ಲಿ ಕಡ್ಡಿ ಆಡಿಸುತ್ತಾ ಹೇಳಿದ:

"ಅತ್ತೆ, ಮಾವನ ಕರೀ ಅಂಬಾಸಿಡರ್ ನಿಮ್ಮ ಹಿತ್ತಲಲ್ಲಿ ಕೊಳೀತಾ ಬಿದ್ದೈತಲ್ಲ. ಓಡೋ ಹಂಗೆ ಮಾಡಿ ತಂದ್ಬುಡಿ. ಕೀ ನನ್ನ ಕೈಗೆ, ಮಗ ನಿಮ್ಮ ಕೈಗೆ."

ಹೆತ್ತ ಮಗನಿಗೆ ಅವನು ಕಟ್ಟಿದ ಬೆಲೆ ಅದು. ವಕೀಲರನ್ನು ಕೇಳಿದರೆ ಕೇಸು ಮುಗಿಯುವಷ್ಟರಲ್ಲಿ ಮಗುವಿಗೆ ಮೀಸೆ ಬಂದಿರುತ್ತದೆ ಎಂದರು. ನಾನು ಕಾರಿಗೇ ಒಪ್ಪಿದೆ.

ನನ್ನ ಯಜಮಾನರು ಆ ಕಾರಿನಲ್ಲಿ ಬಾಡಿಗೆ ಹೊಡೆಯುತ್ತಿದ್ದರು. ಕಣ್ಣು ಮಂಜಾದ ಮೇಲೆ ಹಿತ್ತಲ ಶೆಡ್ಡಿನಲ್ಲಿ ಇಟ್ಟಿಗೆಯ ಮೇಲೆ ಏರಿಸಿ ಟಾರ್ಪಾಲು ಹೊದಿಸಿದರು. ಅವರು ಸತ್ತರು, ಕಾರು ಹಾಗೇ ಇತ್ತು. ಹಿಂದಿನ ಸೀಟಿನಲ್ಲಿ ಕೋಳಿ ಮರಿ ಮಾಡುತ್ತಿತ್ತು, ಮುಂದಿನ ಸೀಟನ್ನು ಇಲಿ ತಿಂದಿತ್ತು. ನಾಗರತ್ನ ಚಿಕ್ಕಂದಿನಲ್ಲಿ ಅಪ್ಪನ ಜೊತೆ ಕಾರಿನ ಕೆಳಗೆ ಮಲಗಿ ಕೆಲಸ ಕಲಿತವಳು, ಓಡಿಸುವುದನ್ನೂ ಕಲಿತವಳು. ಅದಕ್ಕೇ ಆ ಮನೆಯಲ್ಲಿ ಅವಳಿಗೆ ಗಂಡುಬೀರಿ ಎಂಬ ಹೆಸರು.

ಇಂಜಿನ್ ಜಾಮಾಗಿತ್ತು. ಮುಂದುಗಡೆ ಹ್ಯಾಂಡಲ್ ಹಾಕಿ ಇಬ್ಬರೂ ಜೋತುಬಿದ್ದರೂ ತಿರುಗಲಿಲ್ಲ. ಅವಳು ಪ್ಲಗ್ಗುಗಳನ್ನು ಬಿಚ್ಚಿ ಆ ತೂತುಗಳಿಗೆ ಡೀಸೆಲ್ ಸುರಿದು ನೆನೆಯಲು ಬಿಟ್ಟಳು. ದಿನಾ ಬೆಳಿಗ್ಗೆ ಒಂದು ಸಲ ತಿರುಗಿಸಿ ನೋಡುವುದು, ಬೈಯುವುದು, ಮತ್ತೆ ಸುರಿಯುವುದು. ನಾನು ಒಂದು ಶನಿವಾರ ಶನಿಮಹಾತ್ಮನ ದೀಪದ ಎಳ್ಳೆಣ್ಣೆಯನ್ನೇ ಒಳಕ್ಕೆ ಬಿಟ್ಟೆ.

"ಅಮ್ಮ, ಇದೇನು ವಡೆ ಕರಿಯೋ ಬಾಣಲೇನಾ?" ಎಂದು ರೇಗಿದಳು.

"ನಿನ್ ಡೀಸೆಲ್ಲು ಏನ್ ಕಿಸಿದೈತೆ? ಅವನೂ ಒಂದ್ ಕೈ ನೋಡ್ಲಿ ಬುಡು" ಎಂದೆ.

ಸೋಮವಾರ ಹ್ಯಾಂಡಲ್ ಕರ್ರೆಂದು ಅರ್ಧ ಸುತ್ತು ತಿರುಗಿತು. ಶಿರಾದ ಗುಜರಿ ಅಂಗಡಿಯ ಸಾಬರಿಂದ ಹಳೇ ಕಾರ್ಬೊರೇಟರ್ ಬಂತು. ಬ್ರೇಕು, ಟೈರು ಹೊಸವಾದವು. ಪೆಟ್ರೋಲ್ ಟ್ಯಾಂಕಿನ ತುಕ್ಕು ಮಾತ್ರ ಎಷ್ಟು ತೊಳೆದರೂ ಹೋಗಲಿಲ್ಲ. ಸೊಟ್ಟ ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಜಾರಿ ಅವಳ ಮೂತಿಗೆ ಬಡಿದಾಗಲೂ ಅವಳು ಅಳಲಿಲ್ಲ. ನಾನೂ ಸಮಾಧಾನ ಮಾಡಲಿಲ್ಲ. ಶೆಡ್ಡಿನಲ್ಲಿ ಇಬ್ಬರಿಗೂ ಅದಕ್ಕೆ ಪುರುಸೊತ್ತಿರಲಿಲ್ಲ.

ಶ್ರಾವಣದಲ್ಲಿ ಒಂದು ಶುಕ್ರವಾರ ಹೊರಟೆವು. ಆವತ್ತೇ ತಲುಪಬೇಕಿತ್ತು. ಯಾಕೆಂದರೆ ಶನಿವಾರ ಮನೆಗೆ ಕಬ್ಬಿಣ ತರಬಾರದು, ತಂದರೆ ಶನಿಯೂ ಜೊತೆಗೆ ಒಳಕ್ಕೆ ಬರುತ್ತಾನೆ ಎಂಬುದು ನಮ್ಮ ಕಡೆ ಎಲ್ಲರೂ ನಡೆಸುವ ಮಾತು. ಬೀಗಿತ್ತಿಗೆ ಅದು ಇನ್ನೂ ಹೆಚ್ಚು. ಅವಳ ಗಂಡ ಒಂದು ಶನಿವಾರ ಕಬ್ಬಿಣದ ಗೇಟು ತಂದು ಹಾಕಿಸಿ, ಅದೇ ತಿಂಗಳು ಸತ್ತಿದ್ದ.

ಮಿಡಿಗೇಶಿ ದಾಟಿದ ಮೇಲೆ ಟ್ಯಾಂಕಿನ ತುಕ್ಕು ಪೆಟ್ರೋಲ್ ಪೈಪಿಗೆ ಅಡ್ಡ ಬಂದು ಕಾರು ನಿಂತಿತು. ಬಿಚ್ಚಿ ಊದಿದಳು, ಹೊರಟಿತು, ಮತ್ತೆ ನಿಂತಿತು. ಕತ್ತಲಾಯಿತು. ರಸ್ತೆ ಬದಿಯಲ್ಲಿ ಕಾರಿನೊಳಗೇ ಮಲಗಿದೆವು. ನಾನು ದೇವರನ್ನು ಬಾಯಿಗೆ ಬಂದಂತೆ ಬೈದೆ. ಎಲ್ಲ ಬಿಟ್ಟು ನಿನ್ನ ವಾರಕ್ಕೇ ತಂದು ನಿಲ್ಲಿಸಿದೆಯಲ್ಲ, ಕುಂಟ, ಎಂದೆ.

ಶನಿವಾರ ಬೆಳಿಗ್ಗೆ ಪಾವಗಡ. ಗೇಟು ತೆರೆದಿತ್ತು. ಹೊರಗೆ ನಿಲ್ಲಿಸೋಣ ಎಂದು ನಾಗರತ್ನ ಬ್ರೇಕು ಒತ್ತುವಷ್ಟರಲ್ಲಿ ಮುಂದಿನ ಚಕ್ರಗಳು ಒಳಕ್ಕೆ ಹೋಗಿದ್ದವು. ಅಲ್ಲೇ ಇಂಜಿನ್ ಕೆಮ್ಮಿ ಸತ್ತಿತು.

ಬೀಗಿತ್ತಿ ತಲೆಗೆ ನೀರು ಹಾಕಿಕೊಂಡು ದೇವಸ್ಥಾನಕ್ಕೆ ಹೊರಟಿದ್ದಳು. ಕಾರು ಕಂಡು "ವದ್ದು! ವದ್ದು!", ಬೇಡ ಬೇಡ ಎಂದು ತೆಲುಗಿನಲ್ಲೇ ಚೀರಿದಳು. ಅಳಿಯ ನಗುತ್ತಾ ಕೀಗೆ ಕೈ ಚಾಚಿದ.

"ಮುಟ್ಬ್ಯಾಡ್ಲಾ! ನಿಮ್ಮಪ್ಪ ಹೋಗಿದ್ದು ಮರೆತ್ಬುಟ್ಟಾ?" ಎಂದು ಅವನ ಕೈ ಹೊಡೆದಳು. ನಮ್ಮ ಕಡೆ ತಿರುಗಿ, "ತಳ್ಕೊಂಡ್ ಹೋಗ್ರಿ ಆಚೀಕೆ. ಮಗಾನೂ ಇಲ್ಲ, ಏನೂ ಇಲ್ಲ ಇವತ್ತು!" ಎಂದಳು.

ನಾಗರತ್ನ ಮಣ್ಣಿನಲ್ಲಿ ಕುಸಿದು ಕೂತಳು. "ಮುಗೀತಮ್ಮ. ಇನ್ನು ಕೊಡಲ್ಲ ಇವರು" ಎಂದಳು. ಅವಳನ್ನು ಆ ಥರ ನಾನು ನೋಡಿದ್ದು ಅದೊಂದೇ ಸಲ.

ಆಗ ನನಗೆ ಹೊಳೆಯಿತು. ಹೊಳೆಸಿದವನು ಶನಿಮಹಾತ್ಮನೇ. ಅವರು ಕಾರು ಮುಟ್ಟುವಂತಿಲ್ಲ. ತಳ್ಳುವವರು ನಾವೇ. ನಾನು ಕೀ ತೆಗೆದು ಬೀಗಿತ್ತಿಯ ಮುಖಕ್ಕೆ ಹಿಡಿದೆ.

"ತಗೋ ಬೀಗ್ತಮ್ಮ. ನೀವೇ ಕೇಳಿದ ಕಬ್ಬಿಣ."

ಅವಳು ಹಿಂದೆ ಸರಿದಳು. ನಾನು ಮುಂದೆ ಹೋದೆ. ಅವಳ ಬೆನ್ನು ಗೋಡೆಗೆ ತಾಗಿತು.

"ತಳ್ರಮ್ಮ, ನಿಮ್ಮ ಕಾಲಿಗ್ ಬೀಳ್ತೀನಿ!"

"ನನ್ ಮಗಳ ಕೈ ನಿನ್ ಮಗನೇ ಮುರಿದವ್ನೆ. ತಳ್ಳಾಕೆ ಬಲ ಇಲ್ಲ. ಮಗ ಮಡಿಲಿಗೆ ಬಂದ್ರೆ ಬಲ ಬಂದೀತು. ಇಲ್ಲಾಂದ್ರೆ ಸಂಜೆಗಂಟ ಇಲ್ಲೇ ಇರ್ಲಿ, ಶನಿನೂ ಒಳಗ್ ಬಂದು ಆರಾಮಾಗ್ ಕೂರ್ಲಿ."

ಒಳಗೆ ಓಡಿ ಮಗುವನ್ನು ಎತ್ತಿಕೊಂಡು ಬಂದವಳು, ಬಾನೆಟ್ಟಿಗೆ ಸೀರೆ ತಾಗದಂತೆ ಒದ್ದಾಡಿ ದಾಟಿ, ಮೂಟೆ ಇಳಿಸಿದ ಹಾಗೆ ರಸ್ತೆಯಲ್ಲಿ ಇಳಿಸಿದಳು. ಮಗು ಅವಳ ಸೆರಗು ಹಿಡಿದು "ಅಜ್ಜಿ, ಅಜ್ಜಿ" ಎಂದು ಅರಚಿತು. ಸೆರಗು ಕಿತ್ತುಕೊಂಡಳು. ಅವಳೂ ಅಳುತ್ತಿದ್ದಳು. ನೋಡಿದೆ. ನನಗೇನೂ ಅನ್ನಿಸಲಿಲ್ಲ.

ಕಾರನ್ನು ತಳ್ಳಿ ಹೊರಕ್ಕೆ ತಂದೆವು. ಮಗಳು ಪೈಪಿಗೆ ಬಾಯಿಟ್ಟು ಊದಿ, ಪೆಟ್ರೋಲು ಉಗಿದು, ಕೀ ತಿರುಗಿಸಿದಳು. ಗುರ್ರೆಂದು ಎದ್ದಿತು. ಅಳಿಯ ಗೇಟಿನ ಆಚೆ ಕೈ ಕಟ್ಟಿಕೊಂಡು ನೋಡುತ್ತಿದ್ದ. ಅವನಿಗೆ ಮಗುವೂ ಹೋಯಿತು, ಕಾರೂ ಹೋಯಿತು.

ಅಲ್ಲಿಂದ ನೇರ ಶನಿಮಹಾತ್ಮನ ದೇವಸ್ಥಾನ. ಎಳ್ಳೆಣ್ಣೆ ದೀಪ ಹಚ್ಚಿದೆ, ಬೈದದ್ದಕ್ಕೆ ತಪ್ಪು ಕಾಣಿಕೆ ಹಾಕಿದೆ. ಸಾಲಿನಲ್ಲಿ ಹರ್ಷ ತಿಂಗಳುಗಟ್ಟಲೆ ನೋಡದ ತಾಯಿಯ ಗುರುತು ಹತ್ತದೆ ಅವಳ ಸೊಟ್ಟ ಕೈಯನ್ನೇ ಕಚ್ಚಿದ. "ಕಚ್ಚೋ, ಇನ್ನೊಂದ್ ಸಲ ಕಚ್ಚೋ" ಎಂದು ಅವಳು ನಕ್ಕಳು.

ಹೂವಿನಂಥ ದೇವರು ಬೇಕಾದವರು ಬೇರೆ ಗುಡಿಗೆ ಹೋಗಲಿ. ನನ್ನ ಕೆಲಸ ಮಾಡಿಕೊಟ್ಟವನು ಇವನು. ನಾನು ಅವನಲ್ಲಿ ಇನ್ನೂ ಒಂದು ಕೇಳಿದ್ದೆ, ಆ ಮನೆ ಹಾಳಾಗಲಿ ಎಂದು. ಅದನ್ನು ಇನ್ನೂ ನಡೆಸಿಲ್ಲ. ನನಗೆ ಅವಸರವಿಲ್ಲ. ಕುಂಟುತ್ತಾ ಬರುವ ದೇವರು, ಬರುತ್ತಾನೆ. ಪ್ರತಿ ಶನಿವಾರ ಆ ಕಾರಿನ ಬಾನೆಟ್ಟಿನ ಮೇಲೆ ದೀಪ ಹಚ್ಚಿ, ಅವನಿಗೆ ಬೀಗರ ಮನೆಯ ಗುರುತು ಹೇಳುತ್ತಿದ್ದೇನೆ.