ತೋಳಿನ ಮೇಲಿನ ಕಪ್ಪು ಚೌಕ

ನಮ್ಮ ಇವಾನೊವೊ ಊರಿನ ಬಟ್ಟೆ ಗಿರಣಿಯಲ್ಲಿ ಫ್ರೂಮಾ ಜಲ್ಮನೊವ್ನಾ ಅವರ ಬೂದು ಕೋಟನ್ನು ಕಾಣದವರಿಲ್ಲ. ಬಲತೋಳಿನ ತುದಿಯಲ್ಲಿ ಅಂಗೈ ಅರ್ಧದಷ್ಟು ಕಪ್ಪು ಚೌಕ. ತೇಪೆ ಎಂದುಕೊಂಡಿದ್ದೆವು. ಬಡವರ ಕೋಟಿಗೆ ತೇಪೆ ಹೊಸದೇ?

ತೇಪೆಯಲ್ಲವೆಂದು ನನ್ನೊಬ್ಬಳಿಗೆ ಹೇಳಿದ್ದರು. ಹದಿನೆಂಟರ ವಯಸ್ಸಿನಲ್ಲಿ ವಿಟೆಬ್ಸ್ಕ್ ಊರಿನ ಚಿತ್ರಶಾಲೆಯಲ್ಲಿ ಕಲಿತವರು. ಸೇಬು, ಮುಖ, ಮರ ಬರೆದದ್ದು ಸಾಕು, ಲೋಕವನ್ನು ಚೌಕದಿಂದ ಶುರುಮಾಡೋಣ ಎಂದು ಹೊರಟ ಗುಂಪು ಅದು. ಗುರುತಿಗೆಂದು ತೋಳಿಗೆ ಕಪ್ಪು ಚೌಕ ಹೊಲಿದುಕೊಂಡರು. ಗುಂಪು ಚದುರಿ ಹದಿನೈದು ವರ್ಷವಾದರೂ ಇವರು ಅದನ್ನು ಬಿಚ್ಚಿರಲಿಲ್ಲ. ಬಟ್ಟೆಗೆ ಚಿತ್ತಾರ ಬರೆಯಲು ನನಗೆ ಕಲಿಸಿದವರೂ ಇವರೇ.

"ಹೂವು ಯಾರ್ ಬೇಕಾದ್ರೂ ಬರೀತಾರೆ ಕಪಾ. ಒಂದು ಚೌಕಾನ ಚೂರು ಓರೆ ಇಡು, ಬಟ್ಟೆ ತಾನಾಗೇ ನಡೆಯುತ್ತೆ," ಎನ್ನುತ್ತಿದ್ದರು ನನಗೆ.

ಸಾವಿರದ ಒಂಬೈನೂರ ಮೂವತ್ತೇಳರ ಚಳಿಗಾಲದಲ್ಲಿ ಅಂಥ ಚಿತ್ರಗಳನ್ನು ಬರೆದವರನ್ನೂ ಮೆಚ್ಚಿದವರನ್ನೂ ಸರ್ಕಾರ ದ್ರೋಹಿಗಳೆಂದು ಹಿಡಿದೊಯ್ಯುತ್ತಿತ್ತು. ಫ್ರೂಮಾ ಅವರ ಚೌಕದ ಚಿತ್ತಾರಗಳನ್ನು ಅಷ್ಟು ದಿನ ಒಪ್ಪುತ್ತ ಬಂದಿದ್ದ ನಮ್ಮ ಮೇಲಧಿಕಾರಿ ಸವ್ವಾತಿ ಲುಕಿಚ್ ಒಂದು ಬೆಳಿಗ್ಗೆ ಕೆಲಸಕ್ಕೆ ಬರಲಿಲ್ಲ. ಎಲ್ಲಿಗೆ ಒಯ್ದರೆಂದು ಯಾರೂ ಕೇಳಲಿಲ್ಲ. ಮೂರನೆಯ ದಿನ ಸಂಜೆ ಸಭೆ: ಅವರು ದ್ರೋಹಿ ಎನ್ನಲು ಎಲ್ಲರೂ ಬಲಗೈ ಎತ್ತಬೇಕು. ಎತ್ತದವರು ಮರುದಿನ ಇರುವುದಿಲ್ಲ. ಎತ್ತಿದರೆ ಫ್ರೂಮಾ ಅವರ ತೋಳು ಕಾಣುತ್ತದೆ. ಸಭೆ ನಡೆಸುವ ಪಕ್ಷದ ಹೊಸ ಕಾರ್ಯದರ್ಶಿಯೋ, ವಿಟೆಬ್ಸ್ಕ್‌ನವನೇ, ಆ ಗುರುತು ಬಲ್ಲವನು.

ಯಾರಾದರೂ ಕೆಮ್ಮಿದರೂ ಫ್ರೂಮಾ ತೋಳು ಮುಟ್ಟಿಕೊಳ್ಳುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ!

"ಬಿಚ್ಚಿಬಿಡೋಣ, ಕೊಡಿ ಇಲ್ಲಿ," ಎಂದು ಸಭೆಗೆ ಸ್ವಲ್ಪ ಮುಂಚೆ ನಾನೇ ಕತ್ತರಿ ಹಿಡಿದೆ.

ದಾರ ಕಿತ್ತು ಚೌಕ ತೆಗೆದೆ. ಕೋಟೆಲ್ಲ ಬಿಸಿಲಿಗೆ ಮಾಸಿತ್ತು. ಚೌಕದ ಅಡಿಯಿದ್ದ ಬಟ್ಟೆ ಮಾತ್ರ ಹೊಸದರಂತೆ ಕಡುಬೂದು. ಚೌಕ ಅಲ್ಲೇ ಇತ್ತು.

"ಹೋಗಲ್ಲ ಕಣೇ ಅದು," ಎಂದರು ಫ್ರೂಮಾ. ನಗಲು ನೋಡಿದರು, ಆಗಲಿಲ್ಲ.

"ಕೋಟೇ ಬೇಡ, ಬಿಟ್ಟು ಹೋಗಿ."

"ಈ ಚಳೀಲಿ? ಯಾಕೆ ಬಿಚ್ಚಿದೆ ಅಂತ ಮೊದಲು ಅದನ್ನೇ ಕೇಳ್ತಾರೆ."

ನನ್ನ ಹಳೆಯ ಲಂಗದ ಅಂಚು ಕತ್ತರಿಸಿ, ಬೇಗಬೇಗ ತೇಪೆ ಹಾಕಿದೆ. ಸಭೆಯ ಗಂಟೆ ಹೊಡೆಯಿತು.

ಸಭೆಯಲ್ಲಿ ಕಾರ್ಯದರ್ಶಿ ಸವ್ವಾತಿ ಲುಕಿಚ್ ಹೆಸರು ಓದಿದ. ಕೈಗಳು ಎದ್ದವು, ನನ್ನದೂ. ಫ್ರೂಮಾ ಕಣ್ಣು ಮುಚ್ಚಿಕೊಂಡು ಎತ್ತಿದರು. ಅವನು ಸಾಲು ಸಾಲಾಗಿ ಎಣಿಸುತ್ತ ಬಂದ. ನಮ್ಮ ಮುಂದೆ ನಿಂತ. ಅವರ ತೋಳನ್ನು ನೋಡಿದ.

"ಹೆಂಗಸಾಗಿ ಒಂದು ತೇಪೆ ನೆಟ್ಟಗೆ ಹೊಲಿಯೋಕೆ ಬರಲ್ವಾ?" ಎಂದು ಮೂದಲಿಸಿ ಮುಂದೆ ಹೋದ.

ಅಂಗಳದ ಹಿಮದಲ್ಲಿ ಫ್ರೂಮಾ ಅತ್ತರು. ತಮ್ಮನ್ನು ಕಾಪಾಡುತ್ತಿದ್ದ ಸವ್ವಾತಿ ಲುಕಿಚ್ ವಿರುದ್ಧ ಎತ್ತಿದ ಕೈಯನ್ನೇ ನೋಡುತ್ತ ಅತ್ತರು. ಆಮೇಲೆ ಆ ತೋಳನ್ನು ನನ್ನ ಕಡೆ ತಿರುಗಿಸಿದರು.

"ಕಪಾ, ಇದೇನೇ ಮಾಡಿದ್ದೀಯ?"

ಆಗ ಕಂಡೆ. ನಾನು ಕತ್ತರಿಸಿದ್ದು ಚೌಕ. ಹೊಲಿದದ್ದು ಚೂರು ಓರೆಯಾಗಿ, ಅವರು ಕಲಿಸಿದ ಹಾಗೆಯೇ. ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿ ಮಾಡಿತ್ತು. ಅವರ ಚೌಕವನ್ನಾದರೂ ಕತ್ತರಿಯಿಂದ ಬಿಚ್ಚಬಹುದಿತ್ತು. ನನ್ನ ಕೈಯೊಳಗಿದ್ದದ್ದನ್ನು ಬಿಚ್ಚುವುದು ಹೇಗೆ? ಅಲ್ಲಿಯವರೆಗೆ ಅವರಿಗಾಗಿ ಹೆದರುತ್ತಿದ್ದವಳು ಅಂದಿನಿಂದ ನನಗಾಗಿ ಹೆದರತೊಡಗಿದೆ.