ಕುಂಕುಮ ಹಚ್ಚಿದ ಉಬ್ಬು

ಬೇಲಾಪುರದ ಗುಡ್ಡದ ಹಿಂದಿನ ಆ ಬಂಡೆ ಎರಡಾಳೆತ್ತರವೂ ಇಲ್ಲ. ಆದರೂ ಅದು ಶೈಲಶ್ರೀಯ ತಲೆ ತಿಂದಷ್ಟು ಗಂಡನೂ ತಿಂದಿರಲಿಲ್ಲ, ಆಫೀಸೂ ತಿಂದಿರಲಿಲ್ಲ. ಮದುವೆಗೆ ಮೊದಲು ಐದು ವರ್ಷ, ಭಾನುವಾರ ತಪ್ಪದೆ ವರ್ತಕ ನಗರದಿಂದ ಬಂದು, ಹಗ್ಗವಿಲ್ಲದೆ ಹತ್ತಲು ನೋಡಿದ್ದಳು. ಪ್ರತಿಸಲವೂ ಅರ್ಧದಲ್ಲಿ ಕಾಲಿಗೆ ಆಸರೆ ಸಿಗದೆ ಬೀಳುವುದೇ. ಆಮೇಲೆ ಮಗಳು, ವಿಮಾ ಕಚೇರಿಯ ಬಡ್ತಿ, ಭುಜದ ನೋವು ಎಂದು ಹನ್ನೊಂದು ವರ್ಷ ಇತ್ತ ತಲೆಹಾಕಲಿಲ್ಲ. ಈಗ ನಲವತ್ತೊಂದು. ಇನ್ನು ಇದೆಲ್ಲ ಸಾಕು ಎಂದು ಡಾಕ್ಟರು ಗದರಿಸಿಯಾಗಿತ್ತು. ಇವತ್ತು ಆಗದಿದ್ದರೆ ಬಂಡೆ ಹತ್ತುವ ಬೂಟು ಯಾರಿಗಾದರೂ ದಾನ.

ಸಾಲದ್ದಕ್ಕೆ ಅವ್ವ ಗುರಮ್ಮ ಬೆನ್ನು ಹತ್ತಿ ಬಂದಿದ್ದಳು. ಬಂದವಳು ಸುಮ್ಮನಿರಬೇಕಲ್ಲ! ಮಗಳು ಬಿದ್ದರೆ ಪೆಟ್ಟಾಗದಿರಲೆಂದು ಹಾಸಿದ ಗಾದಿಯ ಮೇಲೆ ತಾನೇ ಕೂತು ಶೇಂಗಾ ಸುಲಿಯುತ್ತಿದ್ದಳು.

"ಅವ್ವಾ, ಏಳು. ನಾ ನಿನ್ನ ಮ್ಯಾಲ ಬೀಳ್ತೀನಿ."

"ಬೀಳಾಕನ ಬಂದೀಯೇನು?" ಎಂದು ಗೊಣಗುತ್ತ ಗುರಮ್ಮ ಪಕ್ಕಕ್ಕೆ ಸರಿದಳು.

ಶೈಲಶ್ರೀ ಮೊದಲ ಸಲ ಜಾರಿದಳು. ಎರಡನೆಯ ಸಲವೂ ಅದೇ ಜಾಗದಲ್ಲಿ. ಮೂರನೆಯದಕ್ಕೆ ಭುಜ ಚುರ್ ಎಂದಿತು. ತಡೆದರೆ ಇನ್ನೊಂದೇ ಸಲ ತಡೆದೀತು. ಶೈಲಶ್ರೀಗೆ ಬಂಡೆಯ ಮೇಲೆ, ವಯಸ್ಸಿನ ಮೇಲೆ, ಕೊನೆಗೆ ಶೇಂಗಾ ಸಿಪ್ಪೆಯ ಮೇಲೂ ಸಿಟ್ಟು ಬಂತು.

"ಅಲ್ಲ, ಸೊಂಟದ ಮಟ್ಟಕ್ಕ ಅಷ್ಟ ದೊಡ್ಡ ಉಬ್ಬು ಐತಿ," ಎಂದಳು ಗುರಮ್ಮ. "ಅದರ ಮ್ಯಾಲ ಯಾಕ ಕಾಲ ಇಡವಲ್ಲಿ?"

"ಹೆಂಗ ಇಡ್ಲಿ? ನೀನ ಅಲ್ಲಿ ಕುಂಕುಮ ಹಚ್ಚಿ ಕಾಯಿ ಒಡದೀಯಲ್ಲ!"

"ನಾನಾ? ಯಾವಾಗ?"

ಶೈಲಶ್ರೀಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. ಮೊದಲ ಭಾನುವಾರ ಜೊತೆಗೆ ಬಂದು, ನನ್ನ ಮಗಳನ್ನು ಕೆಡವಬೇಡಪ್ಪಾ ಎಂದು ಕಲ್ಲಿಗೆ ಕೈಮುಗಿದು ಹೋದವಳು ಇವಳೇ. ಕುಂಕುಮ ಒಂದೇ ಮಳೆಗಾಲಕ್ಕೆ ತೊಳೆದುಹೋಗಿತ್ತು. ಮಗಳ ಕಾಲು ಮಾತ್ರ ಇಂದಿಗೂ ಆ ಉಬ್ಬನ್ನು ಬಿಟ್ಟು ಬಳಸಿಯೇ ಹೋಗುತ್ತಿತ್ತು. ಹಚ್ಚಿದವಳಿಗೆ ನೆನಪೇ ಇಲ್ಲ!

"ಹುಚ್ಚಿ, ಹಚ್ಚಿದ್ರ ನೀ ಬೀಳಬಾರದಂತ ಹಚ್ಚಿರ್ತೀನಿ. ಇಡು ಕಾಲು!"

ಇಟ್ಟಳು. ಉಬ್ಬು ಪಾದವನ್ನು ಗಟ್ಟಿಯಾಗಿ ಹೊತ್ತಿತು. ಮೇಲಿನ ಅಂಚು ಕೈಗೆ ಬಂತು, ಎದೆ ಅಂಚು ದಾಟಿತು, ಅಷ್ಟೇ. ಬಂಡೆಯ ನೆತ್ತಿಯ ಮೇಲೆ ಕೂತವಳಿಗೆ ಖುಷಿಗಿಂತ ಮೊದಲು ಬಂದದ್ದು ಸಿಟ್ಟು. ಹದಿನಾರು ವರ್ಷ!

ಹಿಂಬದಿಯಿಂದ ಇಳಿದು ಬಂದು, ಕಾಲು ತಾಗಿಸಿದ್ದಕ್ಕೆ ರೂಢಿಯಂತೆ ಆ ಉಬ್ಬನ್ನು ಮುಟ್ಟಿ ಬೆರಳು ಕಣ್ಣಿಗೊತ್ತಿಕೊಂಡಳು.

"ಕಲ್ಲಿಗೇನ ನಮಸ್ಕಾರ ಮಾಡ್ತಿ?" ಗುರಮ್ಮ ಮಡಿಲಿನ ಸಿಪ್ಪೆ ಕೊಡವಿ ಎರಡೂ ಕಾಲು ಮುಂದಕ್ಕೆ ಚಾಚಿದಳು. "ಈ ಕಡೆ ಬಾ."